ಗಂಡು ವಿಚಾರಿಸಲು ಕಡಲಿಗೆ ಹೋದದ್ದು

ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಗಂಡನ್ನು ವಿಚಾರಿಸುತ್ತಾರೆ. ಜಾತಕ ಕೂಡಿ, ಫೋಟೊ ಕೈಗೆ ಬಂದ ಮೇಲೆ, ಹೆಣ್ಣು ನೋಡುವ ಶಾಸ್ತ್ರಕ್ಕೆ ಮುಂಚೆ ನಡೆಯುವ ಕೆಲಸ ಇದು. ಹೆಣ್ಣಿನ ಅಪ್ಪ ಮತ್ತು ಸೋದರಮಾವ ಗಂಡಿನ ಊರಿಗೆ ಹೋಗಿ, ಬೇರೇನೋ ಕೆಲಸಕ್ಕೆ ಬಂದವರಂತೆ ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಮಾತಿಗೆ ಮಾತು ಸೇರಿಸಿ ಆ ಮನೆಯ ಒಳಗುಟ್ಟೆಲ್ಲ ತೆಗೆಯಬೇಕು. ಗಂಡಿನ ಕಡೆಯವರಿಗೆ ಗೊತ್ತಾಗಬಾರದು. ಗೊತ್ತಾದರೂ ಗೊತ್ತಾಗದವರ ಹಾಗೆ ಇರುವುದು ಅವರ ಮರ್ಯಾದೆ.

ನನ್ನ ಸಲುವಾಗಿ ಅಪ್ಪ, ಮಾವ ಇಬ್ಬರೂ ಅರಕಲಗೂಡನ್ನು ಜಾಲಾಡಿಬಿಟ್ಟರು. ಗಂಡು ದನದ ಡಾಕ್ಟರು. ಊರು ಅರಕಲಗೂಡಿನ ಹತ್ತಿರ, ಕೆಲಸ ಚನ್ನರಾಯಪಟ್ಟಣದ ಕಡೆ. ಅರಕಲಗೂಡಿನ ಕ್ಷೌರದಂಗಡಿಯಲ್ಲಿ ಮಾವ ಬೇಕಿಲ್ಲದಿದ್ದರೂ ತಲೆ ಕೊಟ್ಟು ಕೂತರು. ಅಪ್ಪ ಚನ್ನರಾಯಪಟ್ಟಣದ ಮೆಸ್ಸಿನಲ್ಲಿ ಹಸಿವಿಲ್ಲದಿದ್ದರೂ ಮುದ್ದೆ ಉಂಡರು. ಎಲ್ಲ ಕಡೆಯೂ ಒಂದೇ ಮಾತು, ಹುಡುಗ ಅಪ್ಪಟ ಚಿನ್ನ. ಬೇರೆಯವರಾಗಿದ್ದರೆ ಇಷ್ಟಕ್ಕೆ ಸಿಹಿ ಹಂಚುತ್ತಿದ್ದರು. ನಮ್ಮ ಮಾವನಿಗೆ ಅಲ್ಲೇ ಅನುಮಾನ ಹುಟ್ಟಿತು.

"ಒಬ್ನಾರೂ ಒಂದ್ ಮಾತು ಕೆಟ್ದಾಗ್ ಏಳ್ಬೇಕಲ್ಲ ಭಾವ," ಎಂದರು, ಹೊಳೆನರಸೀಪುರದ ನಮ್ಮ ಮನೆಯ ಜಗಲಿಯಲ್ಲಿ ಕೂತು. "ಊರೊಳ್ಗೆ ಎಲ್ರೂ ರಾಮ್ರೇಯ. ಊರ್ ದಾಟುದ್ ಮೇಲೆ ನೋಡ್ಬೇಕು ಗಂಡುಸ್ರ ಬಣ್ಣವ. ಈ ಶನ್ವಾರ ಅವ್ನು ಸ್ನೇಯಿತ್ರ ಜೊತೆ ಬಿಳೀ ಕಾರಲ್ಲಿ ಉಡುಪಿ ಕಡೆ ಸಮುದ್ರುಕ್ಕೆ ಓಯ್ತಾವ್ನಂತೆ, ಮೆಸ್‌ನೋನೇ ಏಳ್ದ. ನಾವೂ ಟ್ರಿಪ್ಪು ಅಂತ ಓಗನ. ಮನೆ ಎಂಗುಸ್ರು ಜೊತೇಲಿದ್ರೆ ಯಾರ್ಗೂ ಅನ್ಮಾನ ಬರಲ್ಲ."

ಒಳಗೆ ಹುರುಳಿಕಾಳು ಆರಿಸುತ್ತಿದ್ದ ನನ್ನ ಕೈ ನಿಂತಿತು.

ಯಾಕೆ ಅಂತ ಈಗಲೇ ಹೇಳಿಬಿಡುತ್ತೇನೆ. ಬ್ರೋಕರ್ ತಂದ ಸಂಬಂಧ ಎಂದು ಮನೆಯವರು ನಂಬಿದ್ದ ಆ ಗಂಡು, ನನಗೆ ವರ್ಷಕ್ಕೂ ಮೇಲ್ಪಟ್ಟ ಪರಿಚಯ. ನಾನು ದಿನಾ ಬಸ್ಸಿನಲ್ಲಿ ಹಾಸನಕ್ಕೆ ಹೋಗಿ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ. ಜ್ವರವೆಂದು ರಕ್ತ ಕೊಡಲು ಬಂದ ಇವರು ಸೂಜಿ ಕಂಡದ್ದೇ ಕಣ್ಣು ಮುಚ್ಚಿ ಗೋಡೆಯ ಕಡೆ ತಿರುಗಿದರು. ಕೆಲಸ ಏನು ಎಂದು ಕೇಳಿದರೆ ಎಮ್ಮೆ, ದನಕ್ಕೆ ದಬ್ಬಳದಂಥ ಸೂಜಿ ಚುಚ್ಚುವುದು! "ನಿಮಗಿಂತ ಎಮ್ಮೆನೇ ವಾಸಿ, ಕೈ ಸಡಿಲ ಬಿಡ್ರೀ" ಎಂದು ರೇಗಿದೆ. ರಿಪೋರ್ಟು ಮೊಬೈಲಿಗೆ ಹೋಗಿದ್ದರೂ ಖುದ್ದಾಗಿ ಬಂದು ಇನ್ನೊಂದು ಪ್ರತಿ ಕೇಳಿದರು. ಅಲ್ಲಿಂದ ಶುರುವಾದದ್ದು. ಜಾತಕವನ್ನು ಅವರ ನೆಂಟರೊಬ್ಬರ ಮೂಲಕ ಬ್ರೋಕರ್ ಕೈಗೆ ಸೇರಿಸಿದ್ದು ನಾವಿಬ್ಬರೇ, ಬ್ರೋಕರಿಗೂ ಇದು ಗೊತ್ತಿರಲಿಲ್ಲ. ಜಾತಕ ಕೂಡಿದ್ದೊಂದು ಮಾತ್ರ ದೇವರ ಕೆಲಸ.

ಇಷ್ಟೆಲ್ಲ ಕಳ್ಳಾಟ ಮಾವನ ದೆಸೆಯಿಂದ. ನೆಂಟರ ಪೈಕಿ ಹುಡುಗಿಯೊಬ್ಬಳು ಇಷ್ಟಪಟ್ಟವನನ್ನು ಮದುವೆಯಾದಳು ಎಂದು ಆ ನೆಂಟರ ಮನೆಯಲ್ಲಿ ನೀರು ಕುಡಿಯುವುದನ್ನೇ ಬಿಟ್ಟವರು ಅವರು. ಹುಡುಗ ನಮ್ಮ ಪೈಕಿಯವನೇ ಆಗಿದ್ದರೂ ಕೇಳಲಿಲ್ಲ. ನಮ್ಮಮ್ಮ ತಮ್ಮನ ಮಾತು ದಾಟುವವಳಲ್ಲ, ಅಪ್ಪ ಅಮ್ಮನ ಮಾತು ದಾಟುವವರಲ್ಲ. ನಾವು ಮೊದಲೇ ಪರಿಚಯದವರು ಎಂದು ತಿಳಿದರೆ ಆ ಸಂಬಂಧ ಅಲ್ಲಿಗೆ ಮುಗಿದಂತೆ. ಆಮೇಲೆ ಸಿಕ್ಕಿದ ಯಾರಿಗೋ ನನ್ನನ್ನು ಕಟ್ಟಿ ಕಳಿಸುತ್ತಾರೆ. ಈ ಭಯ ಎಷ್ಟಿತ್ತೆಂದರೆ, ಫೋನಿನಲ್ಲಿ ಅವರ ಹೆಸರನ್ನು ಲ್ಯಾಬಿಗೆ ಬಾಟಲಿ ಕೊಡುವ ಕಂಪನಿ ಎಂದು ಹಾಕಿಕೊಂಡಿದ್ದೆ.

ಹುರುಳಿಕಾಳು ಬಿಟ್ಟು ಬಚ್ಚಲಿಗೆ ಹೋಗಿ ಮೆಸೇಜು ಮಾಡಿದೆ. ನಮ್ಮವರು ನಿಮ್ಮನ್ನು ನೋಡಲು ಅಲ್ಲಿಗೇ ಬರುತ್ತಿದ್ದಾರೆ, ನೀವು ಹೋಗಬೇಡಿ. ಸ್ನೇಹಿತರು ರೂಮು ಮಾಡಿ ಆಗಿದೆ, ನಾನು ಒಳ್ಳೆಯವನ ಹಾಗೆ ಇರುತ್ತೇನೆ ಬಿಡಿ ಎಂದು ಉತ್ತರ ಬಂತು. ಹಾಗೆ ಇರುವುದೇನು ಬಂತು, ಒಳ್ಳೆಯವರಲ್ಲವಾ ನೀವು ಎಂದು ಅಲ್ಲೂ ರೇಗಿದೆ.

ಶನಿವಾರ ಬೆಳಗ್ಗೆ ಹೊರಟೆವು. ಅಮ್ಮ ರಾಗಿ ಹಿಟ್ಟು, ಗ್ಯಾಸ್ ಸ್ಟೌವು, ಹುಳಿಪುಡಿ ಎಲ್ಲ ಕಟ್ಟಿಕೊಂಡಳು. ಎಂಟು ದಿನ ಕಾಡಿಗೆ ಹೊರಟವರ ಹಾಗಿತ್ತು ನಮ್ಮ ಸಾಮಾನು. ಶಿರಾಡಿ ಘಾಟಿಯಲ್ಲಿ ಎಲ್ಲರೂ ವಾಂತಿ ಮಾಡಿಕೊಂಡರು. ನಾನೊಬ್ಬಳು ಮಾಡಲಿಲ್ಲ. ಭಯದಲ್ಲಿ ಹೊಟ್ಟೆಗೆ ಅದೂ ಮರೆತುಹೋಗಿತ್ತೇನೋ.

ಸಮುದ್ರ ಕಂಡಾಗ ಮಧ್ಯಾಹ್ನ ಇಳಿದಿತ್ತು. ನಾನು ಸಮುದ್ರ ನೋಡಿದ್ದು ಅದೇ ಮೊದಲು. ಎಷ್ಟು ಚೆನ್ನಾಗಿತ್ತು ಎಂದು ಕೇಳಿದರೆ ಹೇಳಲು ಬರುವುದಿಲ್ಲ, ಯಾಕೆಂದರೆ ನಾನು ನೀರನ್ನು ನೋಡಲೇ ಇಲ್ಲ, ಗಂಡಸರ ಮುಖಗಳನ್ನು ನೋಡುತ್ತಿದ್ದೆ. ಅಪ್ಪ ಪಂಚೆ ಎತ್ತಿ ಕಟ್ಟಿ, ಮಾವ ಹೊಸ ಕಪ್ಪು ಕನ್ನಡಕ ಹಾಕಿ, ಇಬ್ಬರೂ ಬೀಚಿನ ಉದ್ದಕ್ಕೆ ನಡೆದರು. ಅಮ್ಮ ನನ್ನ ಕೈ ಹಿಡಿದು ಹಿಂದೆ.

ಮಾವ ತಟ್ಟನೆ ನಿಂತರು. ಗಾಳಿಮರಗಳ ಕೆಳಗೆ ಒಂದು ಬಿಳಿ ಕಾರು. ಅದರ ನಂಬರು ನಮ್ಮ ಹಾಸನದ್ದೇ, ಕೆಎ ಹದಿಮೂರು.

"ಅವ್ನೇ ಕಣ್ ಭಾವ."

ಕಾರಿನ ಹತ್ತಿರ ನೀಲಿ ಟೀ ಶರ್ಟಿನ ಒಬ್ಬ ಮೀಸೆಯ ಗಂಡಸು ನಿಂತಿದ್ದ. ನನ್ನ ಎದೆಯ ಭಾರ ಅರ್ಧ ಇಳಿಯಿತು. ಅವರಲ್ಲ. ಆದರೆ ಅದನ್ನು ಹೇಳುವ ಹಾಗಿಲ್ಲ.

ಅಷ್ಟರಲ್ಲಿ ಬೀಚಿನಲ್ಲಿ ಅಲೆಯುತ್ತಿದ್ದ ಒಂದು ಹಸು ಆತನ ಹತ್ತಿರ ಬಂತು. ಆತ ಏನೂ ಯೋಚಿಸದೆ ಅದರ ಕತ್ತಿನ ಕೆಳಗಿನ ಗಂಗೆದೊಗಲು ತುರಿಸಿ, ಬಾಯಿ ಅಗಲಿಸಿ ಹಲ್ಲು ನೋಡಿದ. ಮಾವ ಅಪ್ಪನ ತೋಳು ಗಿಲ್ಲಿದರು. "ದನದ್ ಡಾಕ್ಟ್ರು! ಇನ್ನೇನ್ ಬೇಕು?" ನಾನು ಬಾಯಿ ಕಚ್ಚಿಕೊಂಡೆ. ನಮ್ಮ ಕಡೆಯ ಯಾವ ಗಂಡಸು ಹಸು ಕಂಡು ಹಲ್ಲು ನೋಡದೆ ಹೋಗುತ್ತಾನೆ? ಈ ಮಾವನೇ ಬೆಳಗ್ಗೆ ಧಾಬಾದ ಮುಂದೆ ಒಂದು ಹಸುವಿನ ಕೆಚ್ಚಲು ಮುಟ್ಟಿ ನೋಡಿದ್ದರು.

"ಫೋಟೊ ಥರ ಇಲ್ವಲ್ಲ ಮಾವ," ಎಂದೆ, ಆದಷ್ಟು ಮೆಲ್ಲಗೆ.

"ಫೋಟೊನ ನಂಬಕಾಯ್ತದಾ? ಸ್ಟುಡಿಯೋನೋರು ಕಾಗೇನೂ ಬೆಳ್ಳಗ್ ಮಾಡ್ತಾರೆ. ನೀನ್ ಸುಮ್ಕಿರು."

ಮಾವ ಹೋಗಿ ಮಾತಾಡಿಸಿದರು. "ಯಾವ್ ಕಡೆ ಆಯ್ತಪ್ಪ?" "ಕೊರವಂಗಲ್ದ್ ತಾವ ಅಣ್ಣ. ನೀವು?" ನಾವು ಹೊಳೆನರಸೀಪುರದವರು ಎಂದದ್ದೇ ಆತನ ಮುಖ ಅರಳಿಹೋಯಿತು. ಮಾವ ಇತ್ತ ತಿರುಗಿ ಅಪ್ಪನಿಗೆ ಕಣ್ಣು ಹೊಡೆದರು. ವಾಪಸ್ಸು ಬಂದವರು, "ನೋಡ್ದಾ, ಊರೇ ಬದ್ಲಾಯ್ಸ್ಬುಟ್ಟ. ಅರಕಲಗೂಡು ಅನ್ನಕ್ಕೆ ಏನ್ ಬ್ಯಾನೆ? ಏನೋ ಮುಚ್ಚಿಡ್ತಾವ್ನೆ," ಎಂದರು. ಅನುಮಾನದವನ ಕೈಗೆ ಸತ್ಯ ಸಿಕ್ಕರೂ ಅದು ಸುಳ್ಳಾಗಿಯೇ ಕಾಣುತ್ತದೆ.

ನಮ್ಮ ಕಡೆಯವರು ಸಿಕ್ಕರು ಎಂಬ ಧೈರ್ಯಕ್ಕೆ ಆ ಪಾಪದ ಮನುಷ್ಯ ಇನ್ನೊಂದು ಕೆಲಸ ಮಾಡಿದ. ಚಪ್ಪಲಿ, ಟವೆಲು, ಮೊಬೈಲು, ಕಾರಿನ ಕೀ ಎಲ್ಲ ತಂದು ಅಮ್ಮ ಅಷ್ಟರಲ್ಲಿ ಹಾಸಿದ್ದ ಚಾಪೆಯ ಮೇಲಿಟ್ಟು, "ಒಸಿ ನೋಡ್ಕಳಿ ಅಣ್ಣ, ನೀರ್ಗ್ ಇಳ್ದ್ ಬತ್ತೀನಿ," ಎಂದು ಹೋದ.

ನಾನು ಇತ್ತ ಕಣ್ಣಲ್ಲೇ ಹುಡುಕುತ್ತಿದ್ದೆ. ಸಿಕ್ಕರು. ಸ್ವಲ್ಪ ದೂರದಲ್ಲಿ ಇವರ ಸ್ನೇಹಿತರು ಹಾಡು ಹಾಕಿಕೊಂಡು ಕುಣಿಯುತ್ತಿದ್ದರೆ, ಇವರೊಬ್ಬರು ಬಗ್ಗಿ ಬಗ್ಗಿ ಮರಳಿನಲ್ಲಿ ಬಿದ್ದ ಪ್ಲಾಸ್ಟಿಕ್ ಬಾಟಲಿ ಆರಿಸಿ ಕಸದ ಡಬ್ಬಿಗೆ ಹಾಕುತ್ತಿದ್ದರು. ಒಳ್ಳೆಯವರ ಹಾಗೆ ಇರುವುದು ಅಂದರೆ ಇದಂತೆ! ಒಂದೊಂದು ಬಾಟಲಿಗೂ ತಲೆ ಎತ್ತಿ ಯಾರಾದರೂ ನೋಡಿದರಾ ಎಂದು ಸುತ್ತ ನೋಡುವುದು ಬೇರೆ. ನಮ್ಮವರು ಯಾರೂ ಆ ದಿಕ್ಕಿಗೆ ತಿರುಗಲಿಲ್ಲ. ನಗು ಬರಬೇಕಿತ್ತು, ಅಳು ಬಂತು. ಆಮೇಲೆ ಸ್ನೇಹಿತರು ಅವರನ್ನು ಎಳೆದುಕೊಂಡು ಹೋಗಿ ದ್ವೀಪಕ್ಕೆ ಹೋಗುವ ದೋಣಿ ಹತ್ತಿಸಿದರು.

"ಅಪ್ಪಾ!"

ಒಂದು ಪುಟ್ಟ ಹುಡುಗಿ ಓಡಿಹೋಗಿ ನೀರಿನಲ್ಲಿದ್ದ ನೀಲಿ ಟೀ ಶರ್ಟಿನವನ ಕುತ್ತಿಗೆಗೆ ಜೋತುಬಿದ್ದಳು. ಹಿಂದೆಯೇ ಚುರುಮುರಿಯ ಪೊಟ್ಟಣ ಹಿಡಿದ ಹೆಂಗಸು, ಕೊರಳಲ್ಲಿ ತಾಳಿ. ಮಾವನ ಕಪ್ಪು ಕನ್ನಡಕ ಮೂಗಿನಿಂದ ಜಾರಿತು. ಅಮ್ಮ ಅಲ್ಲೇ ಮರಳಿನ ಮೇಲೆ ಕುಸಿದು, "ನನ್ ಮಗೀನ್ ಬಾಳು ಆಳಾಗೋಯ್ತಿತ್ತಲ್ಲಪ್ಪ," ಎಂದು ಶುರುಮಾಡಿದಳು. ಅಪ್ಪನ ಮುಖ ನೋಡಿ ನಿಜ ಹೇಳಿಬಿಡೋಣ ಅನ್ನಿಸಿತು. ಹೇಳಲಿಲ್ಲ.

"ಎಂಡ್ತಿ ಮಗು ಮಡಿಕ್ಕಂಡು ನಮ್ಮನೆ ಎಣ್ಣಿಗೆ ಜಾತ್ಕ ಕಳುಸ್ತಾನಾ! ಬಾ ಭಾವ, ಸಾಕ್ಷಿ ತಗಳನ. ಇಲ್ದಿದ್ರೆ ನಾಳೆ ಇವ್ನು ಇಲ್ಲ ಅಂತನೆ," ಎಂದು ಮಾವ ಚಾಪೆಯ ಮೇಲಿನ ಕೀ ಎತ್ತಿಕೊಂಡರು.

"ಮಾವ, ಬೇಡ, ಅದು ಕಳ್ತನ ಆಗುತ್ತೆ," ಎಂದು ಅವರ ಕೈ ಹಿಡಿದೆ. ಅವರು ಕೊಡವಿಕೊಂಡು ನಡೆದೇಬಿಟ್ಟರು. ಅಪ್ಪ, ಜೀವನದಲ್ಲಿ ಪಕ್ಕದ ಹೊಲದ ಒಂದು ಅವರೆಕಾಯಿ ಕಿತ್ತವರಲ್ಲ, ಕಾರಿನ ಪಕ್ಕ ಕಾವಲು ನಿಂತರು. ಅದೂ ಎಂಥ ಕಾವಲು! ದಾರಿಯಲ್ಲಿ ಹೋಗುವವರನ್ನೆಲ್ಲ ತಾವೇ ನಮಸ್ಕಾರ ಮಾಡಿ ಮಾತಾಡಿಸುತ್ತಿದ್ದರು. ಮಾವ ಕಾರಿನೊಳಗೆ ತಲೆ ತೂರಿಸಿ ಹಿಂದಿನ ಸೀಟಿನಲ್ಲಿದ್ದ ಹೆಂಗಸಿನ ಬ್ಯಾಗು ಎತ್ತಿ ಫೋಟೊ ಹೊಡೆಯುತ್ತಿದ್ದಾಗ ಎಳನೀರಿನವನೊಬ್ಬ "ಕಳ್ಳ, ಕಳ್ಳ" ಎಂದು ಕೂಗಿದ. ನಾನು ಓಡಿದೆ, ಅಮ್ಮ ನನ್ನ ಹಿಂದೆ ಓಡಿಬಂದಳು. ನಾವು ತಲುಪುವ ಹೊತ್ತಿಗೆ ಜನ ಮುತ್ತಿದ್ದರು, ಮಾವನ ಕೊರಳಪಟ್ಟಿ ಯಾರದೋ ಕೈಯಲ್ಲಿತ್ತು.

ಬೀಚಿನ ತುದಿಯಲ್ಲಿ ಪೊಲೀಸರದ್ದೊಂದು ಸಣ್ಣ ಶೆಡ್ಡು ಇತ್ತು. ಅಲ್ಲಿ ಒಬ್ಬ ವಯಸ್ಸಾದ ಪೇದೆ. ನೀಲಿ ಟೀ ಶರ್ಟಿನವನೂ ಒದ್ದೆ ಬಟ್ಟೆಯಲ್ಲೇ ಹೆಂಡತಿ ಮಗುವಿನ ಸಮೇತ ಬಂದ.

"ಎಂಥದು ಮಾರಾಯ್ರೆ ಇದು? ನೀವು ಅವರ ಕಾರಲ್ಲಿ ಎಂಥ ಹುಡುಕ್ಲಿಕ್ಕೆ ಹೋದದ್ದು?" ಎಂದರು ಪೇದೆ.

"ನಮ್ ಕಡೇವ್ರು ಅಂತ ನಂಬಿ ಕೊಟ್ಟಿದ್ದೆ ಸಾ," ಎಂದ ಆತ, ಸಿಟ್ಟಿಗಿಂತ ಹೆಚ್ಚು ಬೇಸರದಲ್ಲಿ.

"ಕಳ್ಳ ನಾನಲ್ಲ ಸಾ, ಇವ್ನು!" ಮಾವ ಬೆರಳು ತೋರಿಸಿ ಕೂಗಿದರು. "ಮನೇಲ್ ಎಂಡ್ತಿ ಮಡಿಕ್ಕಂಡು ನಮ್ಮುಡ್ಗೀಗೆ ಜಾತ್ಕ ಕಳ್ಸವ್ನೆ. ದನದ್ ಡಾಕ್ಟ್ರು ಅಂತೆ!"

ಆತ ಗೊಬ್ಬರದ ಅಂಗಡಿಯವನಂತೆ. ಲೈಸೆನ್ಸು ತೋರಿಸಿದ. ದುಡ್ಡು ಬಿಸಾಕಿದರೆ ಎಂಥ ಕಾರ್ಡು ಬೇಕಾದರೂ ಮಾಡಿಕೊಡುತ್ತಾರೆ ಎಂದರು ಮಾವ. ಪೇದೆ ನಂಬಲಿಲ್ಲ. ಆದರೆ ಆ ಹೆಂಡತಿ ನಂಬಿಬಿಟ್ಟಳು. ಚುರುಮುರಿಯ ಪೊಟ್ಟಣ ಕೆಳಗೆ ಬಿತ್ತು.

"ಅದ್ಕೇನಾ ಫೋನ್ ಬಂದ್ರೆ ಕೊಟ್ಗೆ ಇಂದ್ಕೋಗಿ ಮಾತಾಡ್ತಿದ್ದುದ್ದು?"

"ಅಸು ಕಣೇ! ಇನ್ನೊಂದ್ ಅಸು ತರನ ಅಂತ ಮಾತಾಡ್ತಿದ್ದೆ! ಇನ್ಮೇಲೆ ಸಗಣಿ ಬಾಚಲ್ಲ ಅಂದಿದ್ಯಲ್ಲ ನೀನು, ಅದ್ಕೇ ಏಳ್ಲಿಲ್ಲ!"

"ಯಾವ್ ಅಸು? ಎರಡ್ ಕಾಲಿಂದೋ ನಾಕ್ ಕಾಲಿಂದೋ?" ಎಂದು ಅವಳು ಅಳುತ್ತಾ ಮಗುವನ್ನು ಎತ್ತಿಕೊಂಡು, ಬಸ್ಸಿನಲ್ಲಿ ತವರಿಗೆ ಹೋಗುತ್ತೇನೆ ಎಂದು ಹೊರಟೇಬಿಟ್ಟಳು. ಆತ ಒಮ್ಮೆ ಅವಳ ಕಡೆ, ಒಮ್ಮೆ ಪೇದೆಯ ಕಡೆ ನೋಡಿ, ಹಲ್ಲು ಕಚ್ಚಿ, "ಕಂಪ್ಲೇಂಟ್ ಬರ್ಕಳಿ ಸಾ. ಇಬ್ರುನ್ನೂ ಒಳೀಕ್ ಆಕಿ," ಎಂದ. ಪೇದೆ ಸ್ಟೇಷನ್ನಿನಿಂದ ಜೀಪು ಕಳಿಸಲು ಹೇಳಿ ಫೋನು ಎತ್ತಿಕೊಂಡರು.

ನಾನು ಸೆರಗಿನ ಮರೆಯಲ್ಲಿ ಇವರಿಗೆ ಮತ್ತೆ ಮತ್ತೆ ಫೋನು ಮಾಡುತ್ತಿದ್ದೆ. ಬಂದು, ನಾನೇ ಆ ಗಂಡು ಎಂದು ತಮ್ಮಷ್ಟಕ್ಕೆ ತಾವೇ ಹೇಳಿಬಿಟ್ಟರೆ ನನ್ನ ಗುಟ್ಟು ಉಳಿಯುತ್ತಿತ್ತು. ವ್ಯಾಪ್ತಿ ಪ್ರದೇಶದಲ್ಲಿಲ್ಲ. ಕಡಲಿನ ಮಧ್ಯ ಎಲ್ಲೋ ದೋಣಿಯಲ್ಲಿದ್ದರು ಮಹಾರಾಯರು.

ಅಪ್ಪನನ್ನು ನೋಡಿದೆ. ಪ್ಲಾಸ್ಟಿಕ್ ಕುರ್ಚಿ ಕೊಟ್ಟರೂ ಕೂರದೆ, ಸ್ಕೂಲಿನಲ್ಲಿ ತಪ್ಪು ಮಾಡಿದವರ ಹಾಗೆ ಕೈಕಟ್ಟಿ ನಿಂತಿದ್ದರು. ಪಂಚೆ ಮರಳಾಗಿತ್ತು. ಹೊರಗೆ ಆ ಹೆಂಗಸು ಮಗುವಿನ ಜೊತೆ ರಸ್ತೆ ಮುಟ್ಟುತ್ತಿದ್ದಳು. ನನ್ನ ಮದುವೆಗೋಸ್ಕರ ಅಪ್ಪ ಜೈಲಿಗೆ, ಅವಳು ತವರಿಗೆ. ಶೆಡ್ಡಿನ ಬಾಗಿಲಿಗೆ ಹೋಗಿ ಜೋರಾಗಿ ಕೂಗಿದೆ.

"ಅಕ್ಕಾ, ನಿಲ್ಲಿ! ನಿಮ್ಮೆಜಮಾನ್ರಲ್ಲ! ನಮ್ಮ ಗಂಡು ಇವರಲ್ಲ!"

ಅವಳು ನಿಂತಳು. ಮಗುವನ್ನು ಎತ್ತಿಕೊಂಡೇ ವಾಪಸ್ಸು ಬಂದಳು.

"ನಿಂಗೆಂಗ್ ಗೊತ್ತು?" ಎಂದರು ಮಾವ.

ಬಾಯಲ್ಲಿ ಹೇಳಿದರೆ ನಂಬುವವರಿರಲಿಲ್ಲ. ಫೋನು ತೆಗೆದು ಫೋಟೊ ತೋರಿಸಿದೆ. ಹಾಸನದ ಹೋಟೆಲಿನಲ್ಲಿ ಇಬ್ಬರೂ ಮಸಾಲೆದೋಸೆ ಮುಂದಿಟ್ಟುಕೊಂಡದ್ದು. ಇವರು ಒಂದು ಎಮ್ಮೆಕರುವಿನ ಪಕ್ಕ ಕೂತು ಕಳಿಸಿದ್ದು. ನನ್ನ ಹುಟ್ಟುಹಬ್ಬದ ದಿನ ಬಸ್ ಸ್ಟ್ಯಾಂಡಿನಲ್ಲಿ ತೆಗೆದದ್ದು. ಫೋನು ಪೇದೆಯ ಕೈಯಿಂದ ಆ ಹೆಂಗಸಿನ ಕೈಗೆ, ಅಲ್ಲಿಂದ ಮಾವನ ಕೈಗೆ, ಕೊನೆಗೆ ಅಪ್ಪನ ಕೈಗೆ ಹೋಯಿತು. ಅಪ್ಪ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ನೋಡಿದರು. ಅಷ್ಟು ಹೊತ್ತು ನಾನು ನೆಲ ನೋಡುತ್ತಾ ನಿಂತಿದ್ದೆ.

"ಬುಡಿ ಸಾ," ಎಂದ ಗೊಬ್ಬರದಂಗಡಿಯಾತ. ಹೆಂಡತಿ ಪಕ್ಕಕ್ಕೆ ಬಂದು ನಿಂತದ್ದೇ ಆತನ ದನಿ ಬದಲಾಗಿತ್ತು. "ನಮ್ ಕಡೇವ್ರು. ಎಣ್ ಎತ್ತೋರು. ಕಂಪ್ಲೇಂಟ್ ಬ್ಯಾಡ." ಹೊರಡುವಾಗ ಅವನ ಹೆಂಡತಿ ನನ್ನ ಕೈ ಒತ್ತಿ, ಇನ್ನೊಂದು ಹಸು ಮನೆಗೆ ಬಂದರೆ ಮಾತ್ರ ಗಂಡನನ್ನು ಬಿಡುವುದಿಲ್ಲ ಎಂದಳು.

ಶೆಡ್ಡಿನಿಂದ ಹೊರಗೆ ಬರುತ್ತಲೇ ಮಾವ ಸಿಡಿದರು. ತಾನು ತಪ್ಪು ಮನುಷ್ಯನ ಬೆನ್ನು ಹತ್ತಿದ್ದೆ ಎಂಬುದು ಅವರಿಗೆ ಆಗಲೇ ಮರೆತಿತ್ತು. "ಅಂಗಾರೆ ಇದು ಲವ್ವು! ನಮ್ ಕಣ್ಗೆ ಮಣ್ಣೆರ್ಚವ್ಳೆ. ಈ ಸಂಬಂಧ ಬ್ಯಾಡ ಭಾವ. ಈಗ್ಲೇ ವಾಪಸ್ ಓಗನ." ಅಮ್ಮ ಈ ಸಲ ಬೇರೆ ಕಾರಣಕ್ಕೆ ಅಳತೊಡಗಿದಳು. ಅಪ್ಪ ನೀರಿನ ಕಡೆ ನಡೆದು, ಒಣ ಮರಳಿನ ಮೇಲೆ ಕೂತರು. ನಾನು ಅಲ್ಲೇ ನಿಂತೆ. ದೋಣಿ ವಾಪಸ್ಸು ಬಂದಿತ್ತು. ಇವರು ಇಳಿದು, ಮಿಸ್ಡ್ ಕಾಲ್‌ಗಳನ್ನು ನೋಡಿ ಓಡಿಬಂದವರು, ನಮ್ಮ ಮುಖಗಳನ್ನು ಕಂಡು ದೂರದಲ್ಲೇ ನಿಂತುಬಿಟ್ಟರು.

ಅಪ್ಪ ಕೈಸನ್ನೆ ಮಾಡಿದರು. ಅವರಿಗಲ್ಲ, ನನಗೆ. ಹೋಗಿ ಪಕ್ಕದಲ್ಲಿ ಕೂತೆ. ಬೈಗುಳಕ್ಕೆ ತಯಾರಾಗಿದ್ದೆ.

"ಉಡ್ಗ ಎಂಗೆ ಮಗಾ?" ಎಂದರು ಅಪ್ಪ.

ಇಪ್ಪತ್ತೇಳು ವರ್ಷದಲ್ಲಿ ಅಪ್ಪ ನನ್ನನ್ನು ಯಾವುದರ ಬಗ್ಗೆಯೂ ಹೀಗೆ ಕೇಳಿರಲಿಲ್ಲ. ಒಳ್ಳೆಯವರು ಎಂದೆ, ಅಳು ಬಂತು, ಒರೆಸಿಕೊಂಡೆ.

"ಕುಡೀತಾನಾ?"

"ಸ್ನೇಹಿತ್ರ ಮದ್ವೇಲಿ ಒಂದೊಂದ್ ಸಲ ಬಿಯರು."

"ಮೆಸ್‌ನೋನು ಮುಟ್ಟಾದೇ ಇಲ್ಲ ಅಂದಿದ್ದ," ಎಂದರು ಅಪ್ಪ. "ಸಿಟ್ಟು?"

"ನಂಗಿರೋದ್ರಲ್ಲಿ ಕಾಲು ಭಾಗ ಇಲ್ಲ."

"ನಿನ್ ಸಿಟ್ಟ ಅವ್ನು ನೋಡವ್ನಾ?"

"ನೋಡವ್ರೆ ಕಣಪ್ಪ. ದಿನಾ ನೋಡ್ತಾರೆ."

"ನೋಡೂವೆ ಜಾತ್ಕ ಕಳುಸ್ದ್ನಾ?"

ಹೂಂ ಎಂದೆ. ಅಪ್ಪ ಎದ್ದು ಪಂಚೆಯ ಮರಳು ಕೊಡವಿದರು. ದೂರದಲ್ಲಿ ಅಲೆಯ ನೀರಿಗೆ ಒದ್ದೆಯಾಗಿ ನಿಂತಿದ್ದ ಇವರನ್ನು ಒಂದು ಸಲ ನೋಡಿದರು. ಆಮೇಲೆ ಗಾಳಿಮರದ ಕೆಳಗೆ ಬ್ಯಾಗು ಕಟ್ಟುತ್ತಿದ್ದ ಮಾವನ ಕಡೆ ತಿರುಗಿ ಕೂಗಿದರು.

"ಲೇ, ಬ್ಯಾಗ್ ಇಳ್ಸ್ಲಾ. ಇಚಾರ್ಸಾಯ್ತು. ನಾನ್ ಒಪ್ಕಂಡಿವ್ನಿ."

"ಇಲ್ಲಿ ಯಾರ್ನ ಇಚಾರುಸ್ದೆ ಭಾವ?"

"ನನ್ ಮಗಳ್ನ."